ಮೂರೂವರೆ ಅಂಗುಲದ ಚಕ್ರಕ್ಕೆ ಪಟ್ಟಿ ಬೆಸೆದವರು
(ಹಳೆಯ ಕಾರುಗಳ ಆಸಕ್ತರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಎತ್ತಿನ ಬಂಡಿಯ ಗಾಲಿಗೆ ಹಳಿ ಹಾಕುವುದನ್ನು ಕಂಡವರು ಇಲ್ಲಿ ಕೆಲವರಾದರೂ ಇರಬಹುದು. ಕಮ್ಮಾರ ಕಬ್ಬಿಣದ ಬಳೆಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾನೆ, ಇಕ್ಕಳದಲ್ಲಿ ಎತ್ತಿ ಮರದ ಗಾಲಿಯ ಸುತ್ತ ಕೂರಿಸುತ್ತಾನೆ, ನೀರು ಸುರಿಯುತ್ತಾನೆ. ಬಳೆ ತಣಿದು ಕುಗ್ಗಿ ಗಾಲಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಳತೆ ತಪ್ಪಿದರೆ ಹಳಿ ಕಳಚಿ ಬೀಳುತ್ತದೆ, ಎತ್ತು ನಿಲ್ಲುತ್ತದೆ, ಅಷ್ಟೆ. ಕಾರಿನ ಚಕ್ರಕ್ಕೂ ಹೀಗೆಯೇ ಕಬ್ಬಿಣದ ಪಟ್ಟಿ ಸೇರಿಸಿ ಅಗಲ ಮಾಡುವವರಿದ್ದಾರೆ. ಅಲ್ಲಿ ಅಳತೆ ತಪ್ಪಿದರೆ ಆಗುವುದು ಬೇರೆ.

ಈ ಹುಚ್ಚಿಗೆ ಅತಿ ಹೆಚ್ಚು ಒಳಗಾದ ಕಾರುಗಳಲ್ಲಿ ಬ್ರಿಟನ್ನಿನ ಮಿನಿ ಒಂದು. 1956ರ ಸೂಯೆಜ್ ಬಿಕ್ಕಟ್ಟಿನಿಂದ ಪೆಟ್ರೋಲಿಗೆ ಪಡಿತರ ಬಂದಾಗ, ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್ ಒಂದು ಪುಟ್ಟ ಕಾರು ಬೇಕೆಂದು ಅಲೆಕ್ ಇಸಿಗೋನಿಸ್ ಎಂಬ ವಿನ್ಯಾಸಕಾರನಿಗೆ ಹೇಳಿದ. ಇಸಿಗೋನಿಸ್ ಎಂಜಿನ್ನನ್ನು ಅಡ್ಡಡ್ಡ ಇರಿಸಿದ. ಹತ್ತು ಅಡಿ ಉದ್ದದ ಕಾರಿನಲ್ಲಿ ಬಹುಪಾಲು ಜಾಗವನ್ನು ಪ್ರಯಾಣಿಕರಿಗೆ ಮತ್ತು ಸಾಮಾನಿಗೆ ಬಿಟ್ಟುಕೊಟ್ಟ. ಚಕ್ರದ ಗೂಡು ಕಾರಿನೊಳಗೆ ಚಾಚಿಕೊಳ್ಳಬಾರದೆಂದು ಚಕ್ರವನ್ನೇ ಹತ್ತು ಅಂಗುಲಕ್ಕೆ ಇಳಿಸಿದ. ಅಷ್ಟು ಸಣ್ಣ ಟೈರನ್ನು ಡನ್‌ಲಪ್ ಕಂಪನಿ ಈ ಕಾರಿಗೆಂದೇ ತಯಾರಿಸಬೇಕಾಯಿತು. 1959ರ ಆಗಸ್ಟ್ 26ರಂದು ಕಾರು ಹೊರಬಂದಾಗ ಅದರ ಉಕ್ಕಿನ ರಿಮ್ಮಿನ ಅಗಲ ಮೂರೂವರೆ ಅಂಗುಲ ಮಾತ್ರ.

ಸಂಸಾರಕ್ಕೆಂದು ಮಾಡಿದ ಈ ಕಾರು ತಿರುವುಗಳಲ್ಲಿ ಹಲ್ಲಿಯಂತೆ ಅಂಟಿಕೊಂಡು ಓಡುತ್ತದೆಂಬುದು ಬೇಗ ಗೊತ್ತಾಯಿತು. ರೇಸಿಂಗ್ ಕಾರುಗಳ ಜಾನ್ ಕೂಪರ್ 1961ರಲ್ಲಿ ಅದಕ್ಕೆ ಹೆಚ್ಚು ಬಲದ ಎಂಜಿನ್ನನ್ನೂ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕನ್ನೂ ಕೊಡಿಸಿದ. 1963ರ ಕೂಪರ್ ಎಸ್ ಮಾದರಿಯ ಚಕ್ರಗಳಲ್ಲಿ ಬ್ರೇಕಿಗೆ ಗಾಳಿಯಾಡಲೆಂದು ರಂಧ್ರಗಳಿದ್ದವು. ಕೇಳಿದವರಿಗೆ ನಾಲ್ಕೂವರೆ ಅಂಗುಲದ ರಿಮ್ಮೂ ಸಿಗುತ್ತಿತ್ತು. 1964ರಲ್ಲಿ ಪ್ಯಾಡಿ ಹಾಪ್‌ಕರ್ಕ್, 1965ರಲ್ಲಿ ಟಿಮೊ ಮ್ಯಾಕಿನೆನ್, 1967ರಲ್ಲಿ ರೌನೊ ಆಲ್ಟೊನೆನ್ ಈ ಕಾರಿನಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ಆಮೇಲೆ ಹಾಲು ತರಲು ಹೋಗುವವನಿಗೂ ಅಗಲ ಚಕ್ರ ಬೇಕೆನಿಸಿದ್ದು ಸಹಜ. ತಮಾಷೆಯೆಂದರೆ, ಹಿಮದ ಮೇಲೆ ಅಗಲ ಟೈರು ಉಪಕಾರಿಯೇ ಅಲ್ಲ. ರ‍್ಯಾಲಿಯವರು ಇಂದಿಗೂ ಹಿಮಕ್ಕೆ ಕಿರಿದಾದ ಮೊಳೆ ಟೈರನ್ನೇ ಹಾಕುತ್ತಾರೆ.

ಮ್ಯಾಗ್ನೀಸಿಯಮ್ಮಿನ ಮಿನಿಲೈಟ್ ಚಕ್ರಗಳು ಬಂದವು, ಆದರೆ ಅವು ದುಬಾರಿ. ಕೈಯಲ್ಲಿ ಕಾಸಿಲ್ಲದ ಹುಡುಗರು ಹಳೆಯ ಉಕ್ಕಿನ ಚಕ್ರವನ್ನು ಹೊತ್ತುಕೊಂಡು ಬೆಸುಗೆಯವನ ಬಳಿ ಹೋದರು.

ಅವನು ಮಾಡುವುದೇನು ಎಂದು ತಿಳಿಯಲು ಚಕ್ರ ಹೇಗೆ ಆಗಿದೆ ಎಂದು ನೋಡಬೇಕು. ಉಕ್ಕಿನ ಚಕ್ರವೆಂದರೆ ಎರಡು ತುಂಡು. ಹೊರಗಿನ ಬಳೆ ರಿಮ್ಮು. ಪಟ್ಟಿಯನ್ನು ಸುರುಳಿ ಮಾಡಿ, ತುದಿಗಳನ್ನು ಬೆಸೆದು, ಟೈರು ಕೂರಲು ಅಂಚು, ಟೈರನ್ನು ಹತ್ತಿಸಿ ಇಳಿಸಲು ನಡುವೆ ತಗ್ಗು ಬರುವಂತೆ ಒತ್ತಿರುತ್ತಾರೆ. ಒಳಗಿನದು ನಟ್ಟು ಕೂರುವ ತೂತುಗಳಿರುವ ತಟ್ಟೆ. ಅಗಲ ಮಾಡುವವನು ರಿಮ್ಮನ್ನು ಸುತ್ತಲೂ ಕೊಯ್ದು ನಡುವೆ ಒಂದು ಪಟ್ಟಿ ಸೇರಿಸಿ ಎರಡು ಕಡೆಯೂ ಬೆಸೆಯುತ್ತಾನೆ. ಇಲ್ಲವೇ ಹೊರಗಿನ ಅರ್ಧವನ್ನು ತೆಗೆದು ಅಗಲವಾದ ಹೊಸ ಅರ್ಧವನ್ನು ಕೂರಿಸುತ್ತಾನೆ.

ಇದರಿಂದ ಲಾಭವೇನು? ಅಗಲ ಟೈರು ರಸ್ತೆಯನ್ನು ಹೆಚ್ಚು ಮುಟ್ಟುತ್ತದೆ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಮಿನಿಯ ತೂಕ ಸುಮಾರು 600 ಕಿಲೊ. ಮುಂದಿನ ಒಂದು ಚಕ್ರದ ಮೇಲೆ 180 ಕಿಲೊ ಬೀಳುತ್ತದೆ, ಟೈರಿನಲ್ಲಿ ಚದರ ಸೆಂಟಿಮೀಟರಿಗೆ 2 ಕಿಲೊ ಗಾಳಿಯ ಒತ್ತಡವಿದೆ ಎನ್ನೋಣ. ಆಗ ರಸ್ತೆಗೆ ತಾಗುವ ಜಾಗ ಹೆಚ್ಚುಕಡಿಮೆ 90 ಚದರ ಸೆಂಟಿಮೀಟರು, ಅಂದರೆ ಬೆರಳು ಬಿಟ್ಟು ಒಂದು ಅಂಗೈಯಷ್ಟು. ಟೈರು ಅಗಲವಾದರೂ ತೂಕ ಅದೇ, ಗಾಳಿ ಅದೇ ಆದರೆ ಈ ಜಾಗ ಬಹಳ ಹಿಗ್ಗುವುದಿಲ್ಲ, ಆಕಾರ ಬದಲಾಗುತ್ತದೆ. ಉದ್ದ ಕಡಿಮೆಯಾಗಿ ಅಗಲ ಹೆಚ್ಚುತ್ತದೆ. ತಿರುವಿನಲ್ಲಿ ಇದು ಒಳ್ಳೆಯದು. ರಿಮ್ಮು ಅಗಲವಾದರೆ ಟೈರಿನ ಪಕ್ಕಗಳು ನೆಟ್ಟಗೆ ನಿಲ್ಲುವುದರಿಂದ ಕಾರು ವಾಲಾಡುವುದೂ ತಗ್ಗುತ್ತದೆ. ಮಳೆನೀರು ನಿಂತ ರಸ್ತೆಯಲ್ಲಿ ಮಾತ್ರ ಅದೇ ಅಗಲ ಟೈರು ನೀರನ್ನು ಸೀಳದೆ ಅದರ ಮೇಲೆ ತೇಲಲು ಹೊರಡುತ್ತದೆ.

ಇನ್ನು ನಿಜವಾದ ಲೆಕ್ಕ. ಮೂರೂವರೆ ಅಂಗುಲದ ರಿಮ್ಮನ್ನು ಐದು ಅಂಗುಲ ಮಾಡಿದರೆ ಸೇರುವುದು 38 ಮಿಲಿಮೀಟರು. ಅದನ್ನು ಎಲ್ಲಿ ಸೇರಿಸುವುದು? ಒಳಗೆ ಸೇರಿಸಿದರೆ ಟೈರು ಸಸ್ಪೆನ್ಷನ್ನಿನ ತೋಳಿಗೆ ಉಜ್ಜುತ್ತದೆ. ಹೊರಗೆ ಸೇರಿಸಿದರೆ ಚಕ್ರದ ನಡುಗೆರೆ 19 ಮಿಲಿಮೀಟರು ಆಚೆ ಹೋಗುತ್ತದೆ. ಹತ್ತೊಂಬತ್ತು ಮಿಲಿಮೀಟರು ಯಾವ ಲೆಕ್ಕ ಎನಿಸಬಹುದು. ಬಾವಿಯಿಂದ ಸೇದಿದ ಕೊಡವನ್ನು ಮೈಗೆ ತಾಗಿಸಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯದು. ಇಸಿಗೋನಿಸ್ ಒಂದು ದೂರಕ್ಕೆಂದು ಎಣಿಸಿ ಕೂರಿಸಿದ ಬೇರಿಂಗು ಈಗ ಇನ್ನೊಂದು ದೂರದಿಂದ ಎಳೆತ ತಡೆಯಬೇಕು. ಸ್ಟಿಯರಿಂಗ್ ಭಾರವಾಗುತ್ತದೆ, ಒಂದು ಚಕ್ರ ಗುಂಡಿಗಿಳಿದರೆ ಕೈಯಲ್ಲಿ ಹಿಡಿದದ್ದು ಒದೆಯುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದ ಕಾರು ಅದು. ಆದ್ದರಿಂದ ಬಲ್ಲವರು ಒಳಗಷ್ಟು ಹೊರಗಷ್ಟು ಹಂಚುತ್ತಾರೆ. ಕೊಯ್ಯುವ ಮುಂಚೆ ಚಕ್ರದ ಗೂಡಿನೊಳಗೆ ಅಲ್ಲಲ್ಲಿ ಜೇಡಿಮಣ್ಣಿನ ಉಂಡೆ ಅಂಟಿಸಿ, ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಕಾರನ್ನು ಅದುಮಿ, ಮಣ್ಣು ಎಷ್ಟು ಚಪ್ಪಟೆಯಾಯಿತೆಂದು ನೋಡಿಕೊಳ್ಳುತ್ತಾರೆ. ಇದಕ್ಕಿಂತ ಅಗ್ಗದ ಅಳತೆಗೋಲು ಇಲ್ಲ.

ಬೆಸುಗೆಯ ಮಾತಿಗೆ ಬಂದರೆ ನಗು ನಿಲ್ಲುತ್ತದೆ. ಹತ್ತು ಅಂಗುಲದ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 600 ಸುತ್ತು ತಿರುಗುತ್ತದೆ. ಹತ್ತು ಸಾವಿರ ಕಿಲೋಮೀಟರಿಗೆ 60 ಲಕ್ಷ ಸುತ್ತು. ಪ್ರತಿ ಸುತ್ತಿನಲ್ಲೂ ಲೋಹ ಒಮ್ಮೆ ಬಗ್ಗಿ ಒಮ್ಮೆ ನೆಟ್ಟಗಾಗುತ್ತದೆ. ಕಾಯಿಸಿದ ಉಕ್ಕು ಬೆಸುಗೆಯ ಅಂಚಿನಲ್ಲಿ ಗಡುಸಾಗಿರುತ್ತದೆ, ಬಿರುಕು ಹುಟ್ಟುವುದು ಅಲ್ಲೇ. ಕಾರ್ಖಾನೆಯವರು ಹೊಸ ಚಕ್ರವನ್ನು ಯಂತ್ರಕ್ಕೆ ಕಟ್ಟಿ ಲಕ್ಷಾಂತರ ಸುತ್ತು ಬಗ್ಗಿಸಿ ನೋಡಿದ ಮೇಲೆ ಮಾರುತ್ತಾರೆ. ಬೀದಿಬದಿಯ ಬೆಸುಗೆಯವನಲ್ಲಿ ಅಂಥ ಯಂತ್ರವಿಲ್ಲ. ಅಲ್ಲಿ ಪರೀಕ್ಷೆಗೆ ಒಳಗಾಗುವವರು ಕಾರಿನಲ್ಲಿ ಕುಳಿತವರು. ತುಕ್ಕು ಹಿಡಿದ ಚಕ್ರವನ್ನು ಈ ಕೆಲಸಕ್ಕೆ ತರಲೇಬಾರದು. ಬೆಸೆದ ಮೇಲೆ ಲೇತಿಗೆ ಕಟ್ಟಿ ವಾಲಾಟ ಒಂದು ಮಿಲಿಮೀಟರಿನ ಆಸುಪಾಸಿಗೆ ಬಂದಿದೆಯೇ ನೋಡಬೇಕು. ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಟ್ಯೂಬಿಲ್ಲದ ಟೈರಿನ ಗಾಳಿ ರಾತ್ರೋರಾತ್ರಿ ಇಳಿಯುತ್ತದೆ. ಈಗ ವಿದೇಶಗಳಲ್ಲಿ ಹಳೆಯ ಮಾದರಿಯಲ್ಲೇ ಅಗಲವಾದ ಉಕ್ಕಿನ ಚಕ್ರವನ್ನು ಹೊಸದಾಗಿ ಮಾಡಿಕೊಡುವವರಿದ್ದಾರೆ. ಅದು ಎಷ್ಟೋ ವಾಸಿ.

ಇಷ್ಟೆಲ್ಲ ಮಾಡುವುದು ಸರಿಯೇ ಎಂಬ ಪ್ರಶ್ನೆ ಉಳಿದಿದೆ. ಹಳೆಯ ಕಾರಿನ ಭಕ್ತರಲ್ಲಿ ಎರಡು ಪಂಗಡ. ಕಾರ್ಖಾನೆಯ ಬಾಗಿಲು ದಾಟಿದ ದಿನ ಹೇಗಿತ್ತೋ ಹಾಗೇ ಇರಬೇಕೆನ್ನುವವರು ಒಂದು ಕಡೆ. 1966ರಲ್ಲಿ ಅಗಲ ಚಕ್ರ ಹಾಕಿಸಿಕೊಂಡ ಯುವಕನೂ ಆ ಕಾರಿನ ಚರಿತ್ರೆಯಲ್ಲವೇ ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತಿನಲ್ಲಿ ಹುರುಳಿದೆ. ದೇವಸ್ಥಾನಕ್ಕೆ ವಿಜಯನಗರದವರು ಕಟ್ಟಿಸಿದ ಗೋಪುರವನ್ನು ಹೊಯ್ಸಳರ ಕಾಲದ್ದಲ್ಲವೆಂದು ಯಾರೂ ಕೆಡವುವುದಿಲ್ಲ. ಆದರೆ ಅಂದು ಹಾಕಿಸಿದ್ದು ಬೇರೆ, ಅಂದಿನದೆಂದು ಇಂದು ಹಾಕಿಸುವುದು ಬೇರೆ.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಕಾನೂನಿನ ಮುಖವೂ ಇದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 2021ರ ನಿಯಮಗಳು 50 ವರ್ಷ ದಾಟಿದ ಖಾಸಗಿ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ಕೊಟ್ಟವು. ಷರತ್ತು ಒಂದೇ: ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು. 1964ರಿಂದ ಓಡಿದ ಫಿಯೆಟ್ ಡಿಲೈಟುಗಳು, 1974ರಲ್ಲಿ ಪದ್ಮಿನಿಯೆಂದು ಹೆಸರು ಪಡೆದ ಮೊದಲ ಕಾರುಗಳು, ಹಳೆಯ ಅಂಬಾಸಿಡರುಗಳು ಈಗ ಆ ವಯಸ್ಸು ತಲುಪಿವೆ.

ಆ ಮೂರರಲ್ಲಿ ಚಕ್ರದ ಹೆಸರಿಲ್ಲ ಎಂದು ಸಮಾಧಾನಪಡುವ ಮೊದಲು ಒಂದು ಸಂಗತಿ ಗಮನಿಸಬೇಕು. ಅಗಲ ಚಕ್ರ ಗೂಡಿನೊಳಗೆ ಹಿಡಿಸದಿದ್ದರೆ ಮೆಕ್ಯಾನಿಕ್ಕು ಹೇಳುವುದು ಒಂದೇ ಮಾತು: ಮಡ್‌ಗಾರ್ಡಿನ ಅಂಚನ್ನು ಸ್ವಲ್ಪ ಕತ್ತರಿಸಿಬಿಡೋಣ ಸಾರ್. ಬ್ರಿಟನ್ನಿನಲ್ಲಿ ಎಷ್ಟೋ ಮಿನಿಗಳ ಅಂಚು ಹೀಗೆಯೇ ಹೋಯಿತು, ಅದರ ಮೇಲೆ ಪ್ಲಾಸ್ಟಿಕ್ಕಿನ ಕಮಾನು ಬಂತು. ಚಕ್ರವನ್ನು ನಾಲ್ಕು ನಟ್ಟು ಬಿಚ್ಚಿ ಮತ್ತೆ ಬದಲಿಸಬಹುದು. ಕತ್ತರಿಸಿದ ತಗಡು ಬಾಡಿಯ ಭಾಗ, ಅದು ಗುಜರಿಗೆ ಹೋದರೆ ಹೋಯಿತು. ಹಾಗಾಗಿ ಅಗಲ ಚಕ್ರ ಹಾಕಿಸಿಯೂ ಕಾರನ್ನು ಕೆಡಿಸದೆ ಉಳಿಸಿಕೊಂಡವರ ಮನೆಯ ಅಟ್ಟದಲ್ಲಿ ಸಾಮಾನ್ಯವಾಗಿ ಒಂದು ಗೋಣಿಚೀಲವಿರುತ್ತದೆ. ಬಿಚ್ಚಿದರೆ ಒಳಗೆ ಎಣ್ಣೆ ಸವರಿದ, ಕಾರಿನ ಜತೆಗೇ ಬಂದ ನಾಲ್ಕು ಕಿರಿದಾದ ಚಕ್ರಗಳು.