ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕರುಳು ಮತ್ತು ಹೃದಯ

(ಮಂಚೇನಹಳ್ಳಿಯ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿ)



ಕಿಡ್ನಿ ಕೆಟ್ಟವರ ಜೀವಕ್ಕೆ ಕಿಡ್ನಿಯೇ ಅಪಾಯ ಅಂತ ನಾವು ತಿಳಿದಿರ್ತೀವಿ. ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಹೆಚ್ಚು ಸಾವು ಆಗುವುದು ಹೃದಯದ ಕಾಯಿಲೆಯಿಂದ. ಬಿ.ಪಿ., ಸಕ್ಕರೆ ಕಾಯಿಲೆ ಇದಕ್ಕೆ ಕಾರಣ ಹೌದು. ಕರುಳಿನದೂ ಒಂದು ಪಾಲಿದೆ.

ನಮ್ಮ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿವೆ. ಕಟ್ಟೆ ಕೆರೆಯ ನೀರನ್ನು ತಡೆದ ಹಾಗೆ ಕರುಳಿನ ಗೋಡೆ ಅವನ್ನು ತಡೆದಿರುತ್ತೆ. ಕಿಡ್ನಿ ಕೆಟ್ಟು ಯೂರಿಯಾ ಏರಿದಾಗ ಆ ಗೋಡೆ ಸಡಿಲವಾಗಿ, ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಜಿನುಗುತ್ತೆ. ಇದರಿಂದ ರಕ್ತನಾಳಗಳಲ್ಲಿ ಸದಾ ಉರಿಯೂತ ಇದ್ದು ಹೃದಯ ಸೋಲುತ್ತಾ ಬರುತ್ತೆ.

ಡಯಾಲಿಸಿಸ್ಸೇ ಈ ಸೋರಿಕೆಯನ್ನು ಹೆಚ್ಚಿಸಬಹುದು! ಮೈಯಲ್ಲಿ ಸೇರಿದ ನೀರನ್ನು ಯಂತ್ರ ಸುಮಾರು 4 ಗಂಟೆಯಲ್ಲಿ ಎಳೆಯಬೇಕು. ನೀರು ಜಾಸ್ತಿ ಇದ್ದರೆ ಬಿ.ಪಿ. ಇಳಿದು, ಕರುಳಿಗೆ ರಕ್ತ ಸಾಲದೆ ಗೋಡೆ ಇನ್ನಷ್ಟು ಸೋರುತ್ತೆ. ಇಂಗ್ಲೆಂಡಿನ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ನೀರು ತೆಗೆಯಬೇಕಾದವರ ರಕ್ತದಲ್ಲಿ ಈ ವಿಷವೂ ಹೆಚ್ಚು ಕಂಡಿತ್ತು.

ಹಾಗಂತ ಡಯಾಲಿಸಿಸ್ ಬಿಡಬಾರದು. ಒಂದು ಸರದಿ ತಪ್ಪಿದರೆ ಮುಂದಿನ ಸಲ ಎಳೆಯಬೇಕಾದ ನೀರು ಇನ್ನೂ ಜಾಸ್ತಿ. ಮನೆಯಲ್ಲಿ ದಿನಾ ತೂಕ ನೋಡಿ. ಅಂಬಲಿ, ಮಜ್ಜಿಗೆ, ಸಾರು, ಕಾಫಿ ಎಲ್ಲವೂ ನೀರಿನ ಲೆಕ್ಕಕ್ಕೇ ಸೇರಬೇಕು. ಉಪ್ಪಿನಕಾಯಿ, ಹಪ್ಪಳ ತಿಂದವರಿಗೆ ದಾಹ ತಡೆಯೋಕಾಗಲ್ಲ, ಅವರಿಗೆ ನೀರು ಕುಡೀಬೇಡಿ ಅಂತ ಬೈದು ಏನು ಪ್ರಯೋಜನ?

ಮಲಬದ್ಧತೆಯಾದರೆ ಬ್ಯಾಕ್ಟೀರಿಯಾ ಮಾಡುವ ವಿಷ ಕರುಳಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೆ. ಅದಕ್ಕೆ ನಾವು ಬಾಳೆಹಣ್ಣು ಕೊಡ್ತೀವಿ. ಇವರಿಗೆ ಅದೂ ಬೇಡ, ಎಳನೀರೂ ಬೇಡ. ಅವುಗಳ ಪೊಟ್ಯಾಸಿಯಂ ಏರಿದರೆ ಹೃದಯ ನಿಂತೇ ಹೋಗಬಹುದು. ನಮ್ಮ ಬಸ್ಸಾರೂ ಅಷ್ಟೇ. ಸೊಪ್ಪು ಬೇಯಿಸಿ ಬಸಿದ ನೀರಿನಲ್ಲೇ ಪೊಟ್ಯಾಸಿಯಂ ಇಳಿದಿರುತ್ತೆ. ಆ ನೀರು ಚೆಲ್ಲಿ, ಸೊಪ್ಪನ್ನು ಮಾತ್ರ ಹಿತಮಿತವಾಗಿ ಬಡಿಸಿ. ಮಲ ಸಡಿಲವಾಗೋದಕ್ಕೆ ವೈದ್ಯರೇ ಔಷಧಿ ಬರೆದುಕೊಡ್ತಾರೆ. ಕರುಳು ಶುದ್ಧಿ ಮಾಡುತ್ತೆ ಅಂತ ಮಾರುವ ಪುಡಿಗಳಿಂದ ಹೃದಯ ಉಳಿಯುತ್ತೆ ಅನ್ನೋದಕ್ಕೆ ಆಧಾರವಿಲ್ಲ, ದುಡ್ಡು ದಂಡ.

2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಿ.ಪಿ.ಎಲ್. ಕುಟುಂಬದವರಿಗೆ ಜಿಲ್ಲಾಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತ. ಆದರೂ ಬಸ್ ಚಾರ್ಜು, ಜೊತೆಗೆ ಹೋಗುವವರ ಒಂದು ದಿನದ ಕೂಲಿ ಇಲ್ಲದೆ ಸರದಿ ತಪ್ಪಿಸುವವರಿದ್ದಾರೆ. ನಿಮ್ಮ ಸಂಘದಲ್ಲಿ ಅಂಥ ಮನೆ ಇದ್ದರೆ, ಈ ತಿಂಗಳ ಆಂತರಿಕ ಸಾಲ ಹಂಚುವಾಗ ಆ ಅರ್ಜಿಯನ್ನು ಮೊದಲು ತೆಗೆದುಕೊಳ್ಳಿ.