ಹೈದರಾಬಾದಿನಿಂದ ಬಂದ ಕನ್ನಡ



1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹೋಳಾಯಿತು. ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ. ಅಂದಿನಿಂದ ಕಚೇರಿಯಲ್ಲಿ ತೆಲುಗು, ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕನ್ನಡ. ಆ ಗೆರೆಯನ್ನು ಲೆಕ್ಕಿಸದೆ ಒಳಗೆ ಬಂದದ್ದು ಟಿ.ವಿ.

ಬೆಂಗಳೂರು ದೂರದರ್ಶನದ ಚಂದನವನ್ನೂ 1994ರಲ್ಲಿ ಆರಂಭವಾದ ಉದಯ ಟಿ.ವಿ.ಯನ್ನೂ ನೀವು ಬಲ್ಲಿರಿ. ನನಗೆ ಸೋಜಿಗವೆನಿಸುವುದು ಮೂರನೆಯದು. 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಹುಟ್ಟಿತು. ಹುಟ್ಟಿಸಿದವರು ಯಾರು? ಹೈದರಾಬಾದಿನ ‘ಈನಾಡು’ ಪತ್ರಿಕೆಯ ರಾಮೋಜಿ ರಾವ್! ಕನ್ನಡ ನಮಗೆ ಬೆಂಗಳೂರಿನ ದಾರಿಯಿಂದಲೇ ಬರಬೇಕೆಂದೇನೂ ಇಲ್ಲವೆನ್ನಿ. ಟಿ.ಎನ್. ಸೀತಾರಾಂ ಅವರ ‘ಮುಕ್ತ’ ಧಾರಾವಾಹಿ ಬಂದದ್ದು ಅದರಲ್ಲೇ. ತೆಲುಗು ಈಟಿವಿಯಲ್ಲಿ 1996ರಿಂದ ‘ಪಾಡುತಾ ತೀಯಗಾ’ ನಡೆಸಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರೇ ಇಲ್ಲಿ ‘ಎದೆ ತುಂಬಿ ಹಾಡುವೆನು’ ನಡೆಸಿಕೊಟ್ಟರು. ತೆಲುಗು ಮನೆಮಾತಿನ ಗಾಯಕರ ಮುಂದೆ ಕನ್ನಡದ ಮಕ್ಕಳು ಹಾಡಿದರು. ಎರಡೂ ಮಾತು ಬಲ್ಲ ನಮಗೆ ಅದಕ್ಕಿಂತ ಹಬ್ಬ ಬೇಕೆ? 2015ರಲ್ಲಿ ಆ ವಾಹಿನಿ ಕಲರ್ಸ್ ಕನ್ನಡವಾಯಿತು.

ಆದರೆ ಟಿ.ವಿ. ಕಿವಿಗೆ ಕಲಿಸಿದಷ್ಟು ಕಣ್ಣಿಗೆ ಕಲಿಸದು. ತೆಲುಗು ಶಾಲೆಯ ಮಗುವಿಗೆ ಧಾರಾವಾಹಿಯ ಮಾತೆಲ್ಲ ತಿಳಿಯುತ್ತದೆ. ಪರದೆಯ ಮೇಲೆ ಹೆಸರು ಮೂಡಿದರೆ ತಡವರಿಸುತ್ತದೆ. ಲಿಪಿಗಳು ಅಕ್ಕತಂಗಿಯರೇ, ಎಡವುವುದು ತಲೆಕಟ್ಟಿನಲ್ಲಿ, ಮತ್ತೆ ಕ, ತ, ಶ ಮೊದಲಾದ ಕೆಲವೇ ಅಕ್ಷರಗಳಲ್ಲಿ. 2002ರಲ್ಲಿ ಚಂದನದಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ಯಲ್ಲಿ ನಾ. ಸೋಮೇಶ್ವರ ಅವರು ಸರಿಯುತ್ತರಕ್ಕೆ ಕೊಡುವುದು ಕನ್ನಡ ಪುಸ್ತಕ. ನಮ್ಮ ಮಗು ಉತ್ತರ ಹೇಳೀತು. ಆ ಪುಸ್ತಕ ಓದೀತೆ? ಇವತ್ತು ರಾತ್ರಿ ಧಾರಾವಾಹಿಯ ಹೆಸರು ಬಂದಾಗ ಮಗುವಿನಿಂದಲೇ ಓದಿಸಿ ನೋಡಿ.