ಕ್ಯಾಮೆರಾ ಯಾರ ಪಕ್ಕ ನಿಂತಿದೆ?



ಸೋವಿಯತ್ ಕಾಲದ ಯುದ್ಧಚಿತ್ರಗಳ ಉತ್ಸವವನ್ನು ಉದ್ಘಾಟಿಸಲು ನನ್ನನ್ನು ಕರೆದಿದ್ದೀರಿ. ನಾನು ಕೃತಜ್ಞ. ಹೊಸ ಯುದ್ಧಚಿತ್ರಗಳು ಮನೆಯಲ್ಲೇ ನೋಡಸಿಗುವಾಗ, ಬಹುಪಾಲು ಕಪ್ಪು-ಬಿಳುಪಿನ ಈ ಹಳೆಯ ಚಿತ್ರಗಳನ್ನು ಯಾಕೆ ನೋಡಬೇಕು ಎಂದು ಕಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇವತ್ತು ಅದಕ್ಕೆ ಉತ್ತರ ಹೇಳಬೇಕೆಂದೇ ಬಂದಿದ್ದೇನೆ.

ಇತ್ತೀಚಿನ ರಷ್ಯನ್ ಚಿತ್ರ ‘ಟಿ-34’ರಲ್ಲಿ ಟ್ಯಾಂಕಿನ ಗುಂಡು ನಿಧಾನಗತಿಯಲ್ಲಿ ತಿರುಗುತ್ತಾ ಸಾಗುತ್ತದೆ, ಕ್ಯಾಮೆರಾ ಅದರ ಬೆನ್ನು ಹಿಡಿದು ಹಾರುತ್ತದೆ. ಕೌಶಲದಲ್ಲಿ ಕೊರತೆಯಿಲ್ಲ. ಈಗ 1959ರ ‘ಬ್ಯಾಲಡ್ ಆಫ್ ಎ ಸೋಲ್ಜರ್’ ನೋಡಿ. ಹತ್ತೊಂಬತ್ತು ವರ್ಷದ ಆಲ್ಯೋಶ ಬಯಲಿನಲ್ಲಿ ಜೀವ ಕೈಯಲ್ಲಿ ಹಿಡಿದು ಓಡುತ್ತಿದ್ದಾನೆ, ಟ್ಯಾಂಕು ಅಟ್ಟಿಸಿಕೊಂಡು ಬರುತ್ತಿದೆ. ಇಲ್ಲಿ ಕ್ಯಾಮೆರಾವೇ ತಲೆಕೆಳಗಾಗುತ್ತದೆ. ಹುಡುಗ ಎರಡು ಟ್ಯಾಂಕುಗಳನ್ನು ಹೊಡೆಯುತ್ತಾನೆ. ಹೆದರಿಕೆಯಿಂದ ಹಾಗೆ ಮಾಡಿದೆ ಎಂದು ಸೇನಾಧಿಕಾರಿಯ ಮುಂದೆ ಒಪ್ಪಿಕೊಳ್ಳುತ್ತಾನೆ. ಪದಕದ ಬದಲು, ಅಮ್ಮನ ಮನೆಯ ಸೋರುವ ಮಾಡು ಸರಿಮಾಡಿ ಬರಲು ರಜೆ ಕೇಳುತ್ತಾನೆ. ಇವನು ಯುದ್ಧದಿಂದ ಮರಳುವುದಿಲ್ಲವೆಂದು ಚಿತ್ರ ಮೊದಲಲ್ಲೇ ಹೇಳಿಬಿಟ್ಟಿರುತ್ತದೆ. ಹಾಗಾಗಿ ದಾರಿಯಲ್ಲಿ ಅವನು ಪರರಿಗಾಗಿ ಕಳೆಯುವ ಒಂದೊಂದು ಗಂಟೆಯೂ ನಮ್ಮನ್ನು ಹಿಂಡುತ್ತದೆ. ಕೊನೆಗೆ ತಾಯಿಗೆ ಸಿಗುವುದು ಮಗನ ಕೆಲವೇ ನಿಮಿಷ.

ಗುಂಡು ಹಾರುವಾಗ ಕ್ಯಾಮೆರಾ ಗುಂಡಿನ ಜೊತೆ ಹೋಗುತ್ತದೆಯೋ, ಅದು ಬಂದು ಬೀಳುವ ಕಡೆ ನಿಲ್ಲುತ್ತದೆಯೋ? ಯಾವುದೇ ಯುದ್ಧಚಿತ್ರಕ್ಕೆ ನಾನು ಕೇಳುವ ಮೊದಲ ಪ್ರಶ್ನೆ ಇದು. ಈ ಉತ್ಸವದ ಚಿತ್ರಗಳೆಲ್ಲ ಎರಡನೆಯ ಜಾಗದಲ್ಲಿ ನಿಂತಿವೆ.

ಅದಕ್ಕೆ ಕಾರಣವಿದೆ. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಸುಮಾರು 2.7 ಕೋಟಿ ಜನರನ್ನು ಕಳೆದುಕೊಂಡಿತು. ಚಿತ್ರ ಮಾಡಿದವರೂ ಆ ನಷ್ಟದೊಳಗಿನವರೇ. ‘ಬ್ಯಾಲಡ್’ನ ನಿರ್ದೇಶಕ ಗ್ರಿಗೋರಿ ಚುಖ್ರಾಯ್ ಸ್ಟಾಲಿನ್‌ಗ್ರಾಡ್‌ನಲ್ಲಿ ಕಾದಾಡಿದ ಯೋಧ. 1972ರ ‘ದಿ ಡಾನ್ಸ್ ಹಿಯರ್ ಆರ್ ಕ್ವೈಟ್’ ನಿರ್ದೇಶಿಸಿದ ಸ್ತಾನಿಸ್ಲಾವ್ ರೊಸ್ತೋತ್ಸ್‌ಕಿ ಯುದ್ಧದಿಂದಾಗಿ ಕಾಲು ಕಳೆದುಕೊಂಡವರು. ಸಾವಿನ ಸದ್ದು ಎಂಥದ್ದೆಂದು ಅವರು ಯಾರನ್ನೂ ಕೇಳಿ ತಿಳಿಯಬೇಕಿರಲಿಲ್ಲ.

1957ರ ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’ ತಪ್ಪದೆ ನೋಡಿ. ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಪಾಮ್ ದೋರ್ ಗೆದ್ದ ಚಿತ್ರ. ನಿರ್ದೇಶಕ ಮಿಖಾಯಿಲ್ ಕಲತೋಜೋವ್, ಛಾಯಾಗ್ರಾಹಕ ಸೆರ್ಗೇಯ್ ಉರುಸೆವ್‌ಸ್ಕಿ. ಯುದ್ಧಕ್ಕೆ ಹೊರಟ ಬೋರಿಸ್‌ನನ್ನು ಬೀಳ್ಕೊಡಲು ವೆರೋನಿಕಾ ಓಡಿ ಬರುವ ದೃಶ್ಯವನ್ನು ಗಮನಿಸಿ. ಕ್ಯಾಮೆರಾ ಅವಳ ಜೊತೆ ಬಸ್ಸಿನಿಂದಿಳಿದು, ಜನಜಂಗುಳಿಯಲ್ಲಿ ನುಗ್ಗಿ, ಮೇಲೇರಿ, ಟ್ಯಾಂಕುಗಳ ನಡುವೆ ಅವಳು ದಾಟುವುದನ್ನು ನೋಡುತ್ತದೆ. ಮುಂದೆ ಅವಳು ಬೋರಿಸ್‌ಗಾಗಿ ಕಾಯದೆ ಬೇರೆಯವನನ್ನು ಮದುವೆಯಾಗುತ್ತಾಳೆ. ಚಿತ್ರ ಅವಳನ್ನು ದೂರ ತಳ್ಳುವುದಿಲ್ಲ, ಅವಳ ಸಂಕಟದ ಜೊತೆಗೇ ನಡೆಯುತ್ತದೆ. ಯೋಧರ ಮಡದಿಯರನ್ನು ಮೂರ್ತಿ ಮಾಡಿ ನಿಲ್ಲಿಸುವುದು ಸುಲಭವಿದ್ದ ಕಾಲದಲ್ಲಿ ಇದು ದೊಡ್ಡ ಧೈರ್ಯ.

1977ರ ‘ದಿ ಅಸೆಂಟ್’ ಬರ್ಲಿನ್ ಚಿತ್ರೋತ್ಸವದಲ್ಲಿ ಗೋಲ್ಡನ್ ಬೇರ್ ಪಡೆಯಿತು. ನಿರ್ದೇಶಕಿ ಲಾರಿಸಾ ಶೆಪಿಟ್ಕೊ. ಬೆಲರೂಸಿನ ಹಿಮದಲ್ಲಿ ಆಹಾರ ಹುಡುಕಿ ಹೊರಟ ಇಬ್ಬರು ಗೆರಿಲ್ಲಾಗಳು ಸಿಕ್ಕಿಬೀಳುತ್ತಾರೆ. ರೋಗಿಷ್ಠನಾದ ಸೋತ್ನಿಕೋವ್ ಬಾಗುವುದಿಲ್ಲ. ಗಟ್ಟಿಮುಟ್ಟಾದ ರಿಬಾಕ್ ಜೀವ ಉಳಿಸಿಕೊಳ್ಳಲು ಶತ್ರುವಿನ ಪೊಲೀಸನಾಗುತ್ತಾನೆ. ಆ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆಯಿಂದ ಯಾವ ಪ್ರೇಕ್ಷಕನೂ ತಪ್ಪಿಸಿಕೊಳ್ಳಲಾರ.

ಶೆಪಿಟ್ಕೊ 1979ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಪತಿ ಎಲೆಮ್ ಕ್ಲಿಮೋವ್ 1985ರಲ್ಲಿ ‘ಕಮ್ ಅಂಡ್ ಸೀ’ ಕೊಟ್ಟರು. ಬೆಲರೂಸಿನಲ್ಲಿ ನಾಜಿಗಳು ಜನರ ಸಮೇತ ಸುಟ್ಟ 628 ಹಳ್ಳಿಗಳ ಲೆಕ್ಕವನ್ನು ಆ ಚಿತ್ರ ಕೊನೆಯಲ್ಲಿ ಮುಂದಿಡುತ್ತದೆ. ಬಂದೂಕು ಸಿಕ್ಕ ಖುಷಿಯಲ್ಲಿ ಹೊರಟ ಫ್ಲ್ಯೋರ ಎಂಬ ಹುಡುಗನ ಮುಖ ಕೊನೆಯ ಹೊತ್ತಿಗೆ ಮುದುಕನ ಮುಖವಾಗಿರುತ್ತದೆ. ಅವನು ಹಿಟ್ಲರನ ಪಟಕ್ಕೆ ಗುಂಡು ಹೊಡೆಯುತ್ತಾ ಹೋದಂತೆ ಇತಿಹಾಸದ ದೃಶ್ಯಗಳು ಹಿಂದಕ್ಕೆ ಓಡುತ್ತವೆ. ತಾಯಿಯ ತೊಡೆಯ ಮೇಲೆ ಕೂಸಾಗಿರುವ ಹಿಟ್ಲರ್ ಕಂಡಾಗ ಅವನ ಕೈ ನಿಲ್ಲುತ್ತದೆ. ಅಷ್ಟೆಲ್ಲ ಕಂಡ ಮೇಲೂ ಕೂಸಿಗೆ ಗುಂಡು ಹೊಡೆಯಲಾಗದ ಆ ಕೈಯನ್ನು ನಾನು ಮನುಷ್ಯತ್ವ ಎನ್ನುತ್ತೇನೆ. ಈ ಚಿತ್ರದ ನಂತರ ಕ್ಲಿಮೋವ್ ಇನ್ನೊಂದು ಚಿತ್ರ ಮಾಡಲಿಲ್ಲ.

ಹಳೆಯದೆಲ್ಲ ಹೊನ್ನು ಎಂದು ನಾನು ಹೇಳುತ್ತಿಲ್ಲ. ಸ್ಟಾಲಿನ್ ಕಾಲದ ‘ದಿ ಫಾಲ್ ಆಫ್ ಬರ್ಲಿನ್’ನಲ್ಲಿ ನಾಯಕನ ಜಯಕಾರವೇ ತುಂಬಿದೆ. ಅಲೆಕ್ಸೇಯ್ ಗೆರ್ಮಾನ್ 1971ರಲ್ಲಿ ಮುಗಿಸಿದ ‘ಟ್ರಯಲ್ ಆನ್ ದಿ ರೋಡ್’ ಚಿತ್ರವನ್ನು ಸರ್ಕಾರ ಹದಿನೈದು ವರ್ಷ ಕಪಾಟಿನಲ್ಲಿ ಇಟ್ಟಿತು. ಅಂಥ ಆಳ್ವಿಕೆಯಡಿಯಲ್ಲೇ ಸತ್ಯವನ್ನು ಪಟ್ಟುಹಿಡಿದು ತೆರೆಗೆ ತಂದದ್ದರಿಂದ ಈ ನಿರ್ದೇಶಕರ ಮೇಲಿನ ನನ್ನ ಗೌರವ ಇಮ್ಮಡಿಯಾಗಿದೆ.

ಯುವ ಗೆಳೆಯರಲ್ಲಿ ಒಂದು ವಿನಂತಿ. ‘ಬ್ಯಾಲಡ್’ನಿಂದ ಆರಂಭಿಸಿ, ‘ಕ್ರೇನ್ಸ್’ ನೋಡಿ, ಮನಸ್ಸು ಗಟ್ಟಿಮಾಡಿಕೊಂಡು ‘ಕಮ್ ಅಂಡ್ ಸೀ’ಗೆ ಬನ್ನಿ. ಮೊಬೈಲ್ ಆರಿಸಿ, ಕೊನೆಯವರೆಗೂ ಕೂರಿ. ಆಮೇಲೆ ಹೊಸ ಚಿತ್ರಗಳನ್ನೂ ಧಾರಾಳವಾಗಿ ನೋಡಿ. ಆದರೆ ಕ್ಯಾಮೆರಾ ಯಾರ ಪಕ್ಕ ನಿಂತಿದೆ ಎಂದು ಕೇಳದೆ ಬಿಡಬೇಡಿ. ಯುದ್ಧವನ್ನು ತೆರೆಯ ಮೇಲೆ ಚಪ್ಪಾಳೆ ತಟ್ಟಿ ಸವಿಯಲು ಕಲಿತ ಸಮಾಜ, ನಿಜವಾದ ಯುದ್ಧ ಬಂದಾಗಲೂ ಚಪ್ಪಾಳೆ ತಟ್ಟೀತು ಎಂಬ ಭಯ ನನಗಿದೆ. ಆ ಭಯಕ್ಕೆ ಮದ್ದು ಈ ಚಿತ್ರಗಳಲ್ಲಿದೆ ಎಂಬ ನಂಬಿಕೆಯಿಂದ ಈ ಚಿತ್ರೋತ್ಸವವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ.